ಏಳನೆಯ ನಾಳೆ

ಏಳು ಸಲ ನಾಳೆಗೆ ತಳ್ಳಿದ ಕೆಲಸವನ್ನು ಫೋನು ಪಟ್ಟಿಯಿಂದ ಅಳಿಸುತ್ತಿತ್ತು; ಆಮೇಲೆ ಅದಕ್ಕೆ ಯಾರ ಕೈಯೂ ಮುಂದಾಗುತ್ತಿರಲಿಲ್ಲ, ಯಾರ ನಾಲಿಗೆಯೂ ಹೊರಳುತ್ತಿರಲಿಲ್ಲ. ಸುವರ್ಣಾಗೂ ಇದು ಗೊತ್ತಿತ್ತು. ಆದರೆ ಧಾರವಾಡದ ಸಿಟಿ ಬಸ್ಸಿನ ನೂಕುನುಗ್ಗಲಲ್ಲಿ ಹೆಬ್ಬೆರಳಿನಿಂದ ಕೆಲಸಗಳನ್ನು ನಾಳೆಗೆ ಸರಿಸುವಾಗ ಎಣಿಕೆ ತಪ್ಪಿತು. ‘ತಂಗಿಗೆ ತಪ್ಪಾಯ್ತು ಅನ್ನುವುದು’ ಎಂಬ ಸಾಲು ಮರುದಿನ ಬೆಳಿಗ್ಗೆ ಮಾಯವಾಗಿತ್ತು. ಆದರೂ ಉಡುಗೊರೆಗೆ ರವಿಕೆಯ ಖಣ ಹಿಡಿದು ತಂಗಿಯ ಮನೆಗೆ ಹೋದಳು.

“ಬಾರಕ್ಕಾ! ಬಸುರಿದ್ದಾಗ ನನ್ನ ಕುಬಸಕ್ಕ ಬರಲಿಲ್ಲ, ಕೂಸಿಗೆ ಹಲ್ಲು ಬಂದ ಮ್ಯಾಲೆ ಬಂದಿ,” ಎಂದು ನೀಲಾ ಚುಚ್ಚಿದಳು. ಆಮೇಲೆ ಚಹಾ ಕೊಟ್ಟು ಮೆತ್ತಗೆ ಕೇಳಿದಳು: “ಏನರ ಹೇಳಾಕ ಬಂದಿಯೇನ?”

ಸುವರ್ಣಾ ಬಾಯಿ ತೆರೆದಳು. ಅಲ್ಲಿ ಆ ಮಾತೇ ಇರಲಿಲ್ಲ. ನೀಲಾ ಚಹಾ ಆರುವವರೆಗೂ ಕಾದಳು.

“ಸಕ್ಕರಿ ಹೆಚ್ಚಾಗೇತಿ,” ಅಂದಳು ಸುವರ್ಣಾ.

ನೀಲಾ ಕಪ್ಪು ಎತ್ತಿಕೊಂಡು ಒಳಗೆ ಹೋದಳು.