ಚಿಕ್ಕಮ್ಮನ ಹೆಸರಿಗೆ ಗೀಟು

ಛತ್ರದ ಬಾಗಿಲಲ್ಲೇ ನಿಂಗರಾಜ ನನ್ನನ್ನು ತಡೆದ. ಮದುವೆ ಇಲಾಖೆಯವನು, ನನ್ನ ಹಳೇ ಕೆಮಿಸ್ಟ್ರಿ ವಿದ್ಯಾರ್ಥಿ. ಇಲಾಖೆಯವರು ಪ್ರತಿ ಮದುವೆಗೂ ನೆಂಟರ ಹೆಸರು ಹಾಕಿ ಬರೆದು ಗೋಡೆಗೆ ಅಂಟಿಸುವ ಅಯಾನಿಕ ಸಮೀಕರಣದಲ್ಲಿ ನನ್ನ ಹೆಸರಿಗೆ ಕೆಂಪು ಗೀಟು ಬಿದ್ದಿತ್ತು. ಗೀಟು ಬಿದ್ದವರನ್ನು ಯಾವ ಛತ್ರಕ್ಕೂ ಬಿಡುವುದಿಲ್ಲ.

"ಕುಮುದಾಳದ್ದು ಸ್ಥಾನಪಲ್ಲಟ ಕ್ರಿಯೆ, ಮೇಡಂ. ಅವಳು ಮನೆ ಬದಲಾಯಿಸ್ತಾಳೆ. ನೀವು ಮದುವೆಗೆ ಮುಂಚೆ ಹೇಗಿದ್ರೋ ಆಮೇಲೂ ಹಾಗೇ. ಪ್ರೇಕ್ಷಕ ಅಯಾನು. ಎರಡೂ ಕಡೆ ಹಾಗೇ ಉಳಿದದ್ದನ್ನ ಹೊಡೆದುಹಾಕಿ ಅಂತ ನೀವೇ ಹೇಳಿಕೊಟ್ಟಿದ್ದು."

ನನಗೆ ಮೈ ಉರಿದುಹೋಯಿತು. ಅಕ್ಕ ತೀರಿಕೊಂಡ ಮೇಲೆ ಅವಳ ಮಗಳು ಕುಮುದಾಳನ್ನು ಸಾಕಿದವಳು ನಾನು. ಹುಡುಗನ ಅತ್ತಿಗೆಗೆ ನಾಳೆಯಿಂದ ಪಾತ್ರೆ ತೊಳೆಯೋದು ತಪ್ಪುತ್ತದಂತೆ, ಅಷ್ಟು ಬದಲಾವಣೆಗೇ ಅವಳ ಹೆಸರು ಉಳಿದಿದೆ!

"ಹೊಡೆಯೋಕೆ ಹೇಳಿದ್ದು ಕಾಗದದ ಮೇಲೆ ಕಣೋ, ಬೀಕರಿನಿಂದ ಎತ್ತಿ ಬಿಸಾಡೋಕಲ್ಲ," ಅಂದೆ. "ಉಪ್ಪುನೀರಿನಿಂದ ಕ್ಲೋರೈಡ್ ಅಯಾನನ್ನೆಲ್ಲ ತೆಗೆದು, ಬರೀ ಸೋಡಿಯಂ ಅಯಾನನ್ನ ಒಂದು ಲೋಟದಲ್ಲಿ ತಂದುಕೊಡು. ವಾಪಸ್ ಹೋಗ್ತೀನಿ."

ನಿಂಗರಾಜ ತಲೆ ಕೆರೆದುಕೊಂಡ. "ಅದು ಆಗಲ್ಲ ಮೇಡಂ. ಸೋಡಿಯಂ ಅಯಾನು ಹಾಗೆ ಒಂಟಿಯಾಗಿ ನಿಲ್ಲಲ್ಲ."

"ನನ್ನ ಹುಡುಗಿ ಒಳಗೆ ಒಂಟಿಯಾಗಿ ನಿಂತಿದ್ದಾಳೆ. ಪಕ್ಕಕ್ಕೆ ಸರಿ. ಧಾರೆ ಎರೆಯೋ ತಂಬಿಗೆ ನನ್ನ ಕೈಲಿದೆ."