ತಮಿಳು ಪಿಕ್ಚರಿನಲ್ಲಿ ಒಂದು ಕನ್ನಡದ ಮಾತು

ನಾಯಕಿ ಬಿಕ್ಕಿ ಬಿಕ್ಕಿ ಅಳುತ್ತಿರುವಾಗ ಟೀವಿಯೊಳಗಿಂದ ಯಾರೋ ಕನ್ನಡದಲ್ಲಿ ಹೇಳಿದರು: "ಕಾಪಿ ಕುಡೀಡಾ, ಆರಿಹೋಗ್ತೈತೆ."

ಊಟಕ್ಕೆಂದು ಮನೆಗೆ ಬಂದ ರಂಗಸಾಮಿ ಬಾಗಿಲಲ್ಲೇ ನಿಂತುಬಿಟ್ಟ. ತಿರುಪ್ಪೂರಿನ ಟಾಕೀಸೊಂದರಲ್ಲಿ ಅವನು ಹಳೆಯ ಆಪರೇಟರ್. ಶುಕ್ರವಾರ ಬಿಡುಗಡೆಯಾದ ಈ ತಮಿಳು ಪಿಕ್ಚರನ್ನೇ ಈಗಷ್ಟೇ ಖಾಲಿ ಕುರ್ಚಿಗಳೆದುರು ಓಡಿಸಿ ಬಂದಿದ್ದ. ಇಲ್ಲಿ ನೋಡಿದರೆ ಬೀದಿಯ ಹೆಂಗಸರೆಲ್ಲ ಅವನ ಮನೆಯಲ್ಲೇ ಕೂತು ಅದನ್ನು ವೀಸಿಡಿಯಲ್ಲಿ ನೋಡುತ್ತಿದ್ದರು.

"ಇದೇನಕ್ಕಾ, ನಿಮ್ಮನೆ ಭಾಷೆ ಕೇಳಿಸ್ತು? ದನೀನೂ ಅಣ್ಣಂದೇ ಇದ್ದಂಗಿದೆ," ಎಂದು ಪಕ್ಕದ ಮನೆಯ ಸಾಮಿಯಾತಾಳ್ ತಮಿಳಿನಲ್ಲಿ ಹೇಳಿ ನಕ್ಕಳು. ರಂಗಸಾಮಿಯ ಹೆಂಡತಿ ಅಕ್ಕಮ್ಮ ನಗಲಿಲ್ಲ. ಗಂಡನ ಮುಖ ನೋಡಿ ರಿಮೋಟಿಗಾಗಿ ತಡಕಾಡಿದಳು.

"ಸೀಡಿ ಯಾರು ಕೊಟ್ಟಿದ್ದು?"

"ನನ್ನ ತಮ್ಮ ಸೌಂದರ್. ಊರಿನ ಎಲ್ಲಾ ಅಂಗಡೀಲೂ ಸಿಗ್ತದಂತೆ."

ಮೊದಲ ದಿನ ಟಿಕೆಟ್ ಸಿಗದೆ ಮುಖ ಸಣ್ಣದು ಮಾಡಿಕೊಂಡು ನಿಂತಿದ್ದ ಆ ಬಾಮೈದನನ್ನು ಪ್ರೊಜೆಕ್ಟರ್ ರೂಮಿಗೆ ಕರೆದು, ಕಿಂಡಿಯ ಪಕ್ಕ ಸ್ಟೂಲು ಹಾಕಿ ಕೂರಿಸಿ, ಕಾಪಿ ತರಿಸಿ ಕೊಟ್ಟವನು ರಂಗಸಾಮಿಯೇ. ಕಿಂಡಿಯಲ್ಲಿ ಅವನು ಬ್ಯಾಗು ಇಟ್ಟಾಗಲೂ ಒಳಗೇನಿದೆಯೆಂದು ಕೇಳಿರಲಿಲ್ಲ.

ಇವತ್ತಲ್ಲ ನಾಳೆ ಟಾಕೀಸಿನ ಯಜಮಾನರ ಕಿವಿಗೂ ಈ ಮಾತು ಬೀಳುತ್ತದೆ. ಊರಿನ ಆಪರೇಟರುಗಳಲ್ಲಿ ಕನ್ನಡ ಆಡುವವನು ಅವನೊಬ್ಬನೇ. ಬಾಮೈದನ ದನಿಯೂ ಎಲ್ಲಾದರೂ ಇದ್ದೀತೆಂದು ರಂಗಸಾಮಿ ಟೀವಿಯ ಹತ್ತಿರ ಹೋಗಿ ಕಿವಿಗೊಟ್ಟ. ಆಗ ನೆನಪಾಯಿತು. ಆವತ್ತು ತಾನು ಏನು ಕೇಳಿದರೂ ಸೌಂದರ್ ನಗುತ್ತಾ ತಲೆಯಾಡಿಸಿದ್ದನೇ ಹೊರತು, ಪಿಕ್ಚರ್ ಮುಗಿಯುವವರೆಗೂ ಒಮ್ಮೆಯೂ ಬಾಯಿ ಬಿಟ್ಟಿರಲಿಲ್ಲ.