ಕೊನೆಯ ಎಪಿಸೋಡಿಗೆ ಮುಂಚೆ

ಧನ್ಯಶ್ರೀ ಮಲ್ಲಿಗೆ ಕಟ್ಟುತ್ತಿದ್ದಳು. ಎರಡು ಮೊಗ್ಗು ಈ ಕಡೆ, ಎರಡು ಆ ಕಡೆ, ಬಾಳೆನಾರಿನ ಒಂದು ಸುತ್ತು. ಕೈ ತನ್ನಷ್ಟಕ್ಕೆ ನಡೆದಿತ್ತು. ಕಣ್ಣು ಮಾತ್ರ ಕಿಟಕಿಯಾಚೆ, ಹೈವೇಯ ಆ ಬದಿಯ ಬಸ್ ನಿಲ್ದಾಣದ ಮೇಲೆ.

ಭಟ್ಕಳದಿಂದ ಕುಮಟಾಕ್ಕೆ ಹೋಗುವ ಬಸ್ಸು ಬರುವುದರೊಳಗೆ ಹೇಳಿಬಿಡಬೇಕು. ಆಮೇಲೆ ಹೇಳಿದರೂ ಒಂದೇ, ಬಿಟ್ಟರೂ ಒಂದೇ.

ಹೇಳುವುದಾದರೂ ಹೇಗೆ? ಎದುರಿಗೆ ಮೂವರು, ಮೂವರ ಬಾಯಿಗೂ ಬಿಡುವಿಲ್ಲ. ಅವಳು ಬೇಗನೆ ಶಾಲೆ ಬಿಟ್ಟವಳು; ಮೇಜಿನ ಹಿಂದೆ ಕೂತವರನ್ನು ಕಂಡರೆ ಇವತ್ತಿಗೂ ನಾಲಿಗೆ ಒಣಗುತ್ತದೆ. “ಬಾಯಿ ಹೊಲ್ಕಂಡು ವಾಪಸ್ ಬಂದ್ರೆ ಮನೆಯೊಳಗೆ ಬರೂದು ಬೇಡ” ಎಂದೇ ತಾಯಿ ಮಾದೇವಿ ಕಳಿಸಿದ್ದಳು. ಬಂದು ಬೆಂಚಿನ ತುದಿಯಲ್ಲಿ ಮುದುಡಿ ಕೂತವಳನ್ನು ನೋಡಿ, ಮೂವರಲ್ಲಿ ಒಬ್ಬಳಾದ ಜಯಂತಿ, “ಸುಮ್ನೆ ಕೂತ್ಕಂಡು ಎಂತ ಮಾಡ್ತಿ ತಂಗಿ, ಇದಿಷ್ಟು ಕಟ್ಟು. ಶುಕ್ರವಾರ, ದೇವ್ರ ಫೋಟೋಕ್ಕೆ ಬೇಕು” ಎಂದು ಹೂವಿನ ಬುಟ್ಟಿಯನ್ನು ಮಡಿಲಿಗಿಟ್ಟಿದ್ದಳು. ಅಲ್ಲಿಂದೀಚೆಗೆ ಅವಳ ಕಡೆ ಯಾರೂ ತಿರುಗಿರಲಿಲ್ಲ.

ಅವರ ತಲೆಯಲ್ಲಿ ಬೇರೆ ಕೆಲಸವಿತ್ತು. ಆ ಪತ್ತೇದಾರಿ ಸೀರಿಯಲ್ಲಿನ ಮೂರನೇ ಸೀಸನ್ನು ಇವತ್ತಿಗೆ ಮುಗಿಯುತ್ತದೆ. ಕೊನೆಯ ಎಪಿಸೋಡು ಇನ್ನೇನು ಮೊಬೈಲಿಗೆ ಬರಬೇಕು. ಬಂಗಲೆಯ ಯಜಮಾನನನ್ನು ಕೊಂದವರು ಯಾರು?

“ಅಳಿಯನೇ,” ಎಂದ ದೇವರಾಜ. ಮೂವರಲ್ಲಿ ಅವನೇ ಹಿರಿಯ. ಮೀಸೆ ಅವನಿಗಿಂತಲೂ ಹಿರಿದು. “ಅವ್ನ ನಡಿಗೆ ನೋಡಿದ್ರೇ ಗೊತ್ತಾಗ್ತದೆ. ನಂಗೆ ಒಂದ್ಸಲ ನೋಡಿದ್ರೆ ಸಾಕು.”

“ಕಳೆದ ಸೀಸನ್ನಲ್ಲೂ ನಿಮ್ಗೆ ನಡಿಗೆಯಲ್ಲೇ ಗೊತ್ತಾಗಿತ್ತು ದೇವರಾಜಣ್ಣ,” ಎಂದ ಕಿರಿಯವ ರಾಜೇಶ. “ಕಡಿಗೆ ನೋಡಿದ್ರೆ ಆ ಮನುಷ್ಯ ಕೊಲೆಗಿಂತ ಮೊದ್ಲೇ ಸತ್ತೋಗಿದ್ದ.”

“ಅಳಿಯನೂ ಅಲ್ಲ, ಮಗನೂ ಅಲ್ಲ. ಅಡುಗೆಯವಳು,” ಎಂದಳು ಜಯಂತಿ. “ಅವ್ಳು ಮೀನು ಕೊಯ್ಯೂದು ನೋಡಿದ್ರಾ? ಸತ್ತ ಬಂಗುಡೆ ಮೇಲೆ ಅಷ್ಟು ಸಿಟ್ಟು ಯಾರಿಗಾದ್ರೂ ಇರ್ತದಾ ಮಾರಾಯ್ರೆ?”

ಧನ್ಯಶ್ರೀ ಹೊರಗೆ ನೋಡಿದಳು. ನಿಲ್ದಾಣದಲ್ಲಿ ಮೀನಿನ ಬುಟ್ಟಿಯ ಹೆಂಗಸು, ಕೊಡೆ ಹಿಡಿದ ಮುದುಕ, ಚಾದರ ಸುತ್ತಿದ ಅಗಲವಾದ ಹೊರೆಯನ್ನು ಕಾಲಿಗೆ ಒರಗಿಸಿಕೊಂಡ ಒಬ್ಬ ಗಂಡಸು. ಬಸ್ಸಿನ ಸುಳಿವಿಲ್ಲ. ಇನ್ನೂ ಹೊತ್ತಿದೆ.

“ನಂಗೆ ಸಿಟ್ಟಿರೂದು ಆ ಇನ್ಸ್‌ಪೆಕ್ಟರ್ ಮೇಲೆ,” ದೇವರಾಜ ಮೇಜು ಗುದ್ದಿದ. “ಆ ಕೆಲಸದ ಹುಡುಗಿ ಎಲ್ಲಾ ನೋಡಿದಾಳೆ. ದಿನಾ ಅವ್ನ ಎದುರಿಗೇ ಕೂತಿರ್ತಾಳೆ. ‘ಎಂತ ನೋಡ್ದೆ ಮಗಾ’ ಅಂತ ಒಂದ್ ಮಾತು ಕೇಳೂಕೆ ಎಂತ ರೋಗ ಅವ್ನಿಗೆ?”

“ಅವ್ಳಾದ್ರೂ ಬಾಯಿ ಬಿಡ್ಬೇಕಲ್ಲ,” ಎಂದ ರಾಜೇಶ. “ಗೊತ್ತಿದ್ದವ್ರು ಹೇಳ್ದೇ ಇದ್ರೆ ಪೊಲೀಸ್ರಿಗೆ ಕನಸು ಬೀಳ್ತದಾ?”

ಧನ್ಯಶ್ರೀಗೆ ಅದು ತನಗೇ ಹೇಳಿದಂತೆ ಕೇಳಿತು. ಇದ್ದ ಧೈರ್ಯವನ್ನೆಲ್ಲ ಒಟ್ಟುಮಾಡಿ ಗಂಟಲು ಸರಿಮಾಡಿಕೊಂಡಳು.

“ಯಾರು ಅಂತ... ನಂಗೆ ಗೊತ್ತು.”

ಮೂರೂ ತಲೆಗಳು ತಿರುಗಿದವು.

“ಕಣ್ಣಾರೆ ನೋಡಿದೆ. ಅವ—”

“ಹೇಳ್ಬೇಡ!” ಜಯಂತಿ ಕಿವಿ ಮುಚ್ಚಿಕೊಂಡಳು. ರಾಜೇಶ ಕುರ್ಚಿಯಿಂದ ಎದ್ದೇಬಿಟ್ಟ. “ಅಕ್ಕಾ, ಕೈ ಮುಗೀತೆ! ಇಷ್ಟು ದಿನ ಕಾದದ್ದೆಲ್ಲ ಹಾಳು ಮಾಡ್ಬೇಡಿ!”

“ಅದಲ್ಲ, ನಾ ಹೇಳೂದು—”

“ಶ್!” ದೇವರಾಜ ಬೆರಳೆತ್ತಿದ. “ನಮ್ಗಿಂತ ಮೊದ್ಲೇ ನೋಡಿಬಿಟ್ಟಿದಾಳೆ ಇವ್ಳು. ಎಲ್ಲಿ ನೋಡ್ದೆ? ಟೀವಿಯಲ್ಲಾ?”

“ನಮ್ಮನೇಲಿ ಟೀವಿ ಇಲ್ಲ,” ಎಂದಳು ಧನ್ಯಶ್ರೀ. “ಮೊನ್ನೆವರೆಗೆ ಇತ್ತು.”

“ಪಾಪ!” ಜಯಂತಿಯ ದನಿ ನಿಜಕ್ಕೂ ಮೆತ್ತಗಾಯಿತು. “ಟೀವಿ ಇಲ್ದೇ ಹೆಂಗೆ ದಿನ ಕಳೀತಿ ತಂಗಿ? ಇಲ್ಲೇ ಕೂತು ನಮ್ ಜೊತೆ ನೋಡು. ಯಾರು ಅಂತ ಮಾತ್ರ ಬಾಯಿ ಬಿಡ್ಬೇಡ, ಆತಾ?”

“ಆತು.”

ಹಾಳು ಅಭ್ಯಾಸ. ಯಾರು ಏನೇ ಹೇಳಿದರೂ ಅವಳ ಬಾಯಿಂದ ಮೊದಲು ಬರುವುದು ಅದೇ. ತನ್ನನ್ನು ತಾನೇ ಬೈದುಕೊಳ್ಳುತ್ತ ಇನ್ನೆರಡು ಮೊಗ್ಗು ಕಟ್ಟಿದಳು. ರಾಜೇಶ ಎಪಿಸೋಡಿಗೆ ಮುಂಚೆ ಚಾ ತರುತ್ತೇನೆಂದು ರಸ್ತೆ ದಾಟಿ ಓಡಿದ.

ಆಗಲೇ ಹಾರ್ನ್ ಕೇಳಿಸಿತು. ಕುಮಟಾ ಬಸ್ಸು!

ಧನ್ಯಶ್ರೀ ಎದ್ದು ಕಿಟಕಿಗೆ ಹೋದಳು. ಮೀನಿನ ಬುಟ್ಟಿ ಹತ್ತಿತು, ಕೊಡೆ ಹತ್ತಿತು. ಚಾದರದ ಹೊರೆ ಮಾತ್ರ ಬಾಗಿಲಲ್ಲಿ ಅಡ್ಡಡ್ಡ ಸಿಕ್ಕಿಕೊಂಡಿತು. ಕಂಡಕ್ಟರ್ ಬೈಯತೊಡಗಿದ. ಚಾ ತರುತ್ತಿದ್ದ ರಾಜೇಶ ಗ್ಲಾಸುಗಳನ್ನು ನಿಲ್ದಾಣದ ಕಟ್ಟೆಯ ಮೇಲಿಟ್ಟು, ಹಿಂದಿನಿಂದ ಕೈ ಕೊಟ್ಟು, ಹೊರೆಯನ್ನು ಜೋಪಾನವಾಗಿ ಒಳಗೆ ತಳ್ಳಿದ. ಆ ಗಂಡಸು ಅವನನ್ನು ನೋಡಿ ಬೆಚ್ಚಿಬಿದ್ದು, ಆಮೇಲೆ ಮೇಲಿಂದ ಮೇಲೆ ಕೈ ಮುಗಿದ. ಬಸ್ಸು ಹೊರಟಿತು.

“ಪಾಪ, ಒಬ್ನೇ ಒದ್ದಾಡ್ತಿದ್ದ,” ಎನ್ನುತ್ತ ರಾಜೇಶ ಚಾ ಹಿಡಿದು ಒಳಗೆ ಬಂದ. “ಒಳ್ಳೇ ಜನ. ನಂಗೆ ಎಷ್ಟು ಮರ್ಯಾದೆ ಕೊಟ್ಟ ಗೊತ್ತಾ?”

“ಜನಕ್ಕೆ ಸಹಾಯ ಮಾಡ್ಬೇಕು ಮಾರಾಯಾ, ನಾವು ಇರೂದೇ ಅದಕ್ಕೆ,” ಎಂದ ದೇವರಾಜ ಮೊಬೈಲಿನಿಂದ ಕಣ್ಣೆತ್ತದೆ. “ಬಾ ಬಾ, ಶುರುವಾತು.”

ಸಂಗೀತ ಮೊಳಗಿತು. ಮೂರು ತಲೆಗಳು ಮೊಬೈಲಿನ ಮೇಲೆ ಒಟ್ಟುಗೂಡಿದವು. ದೇವರಾಜ ಸೌಂಡನ್ನು ಪೂರ್ತಿ ಏರಿಸಿದ. ಧನ್ಯಶ್ರೀ ಮೇಜಿನ ಹತ್ತಿರ ಹೋಗಿ ನಿಂತಳು. ಹುಟ್ಟಿದ ಮೇಲೆ ಮೊದಲ ಸಲ ಅವಳ ದನಿ ರಸ್ತೆಯವರೆಗೆ ಕೇಳುವಷ್ಟು ದೊಡ್ಡದಾಗಿ ಹೊರಟಿತು:

“ಹವಾಲ್ದಾರ್ ಸಾಹೇಬ್ರೆ, ನಮ್ಮನೆ ಟೀವಿ ಆ ಬಸ್ಸಲ್ಲಿ ಹೋತು, ಈಗಾದ್ರೂ ನನ್ನ ಕಂಪ್ಲೇಂಟು ಬರ್ಕೊಳ್ಳಿ.”